ಹದಿನೇಳನೆಯ ಪುಟದ ಮೀನು

ಕಾಪುವಿನ ಹೆದ್ದಾರಿ ಪಕ್ಕದಲ್ಲಿದ್ದ ಗುಣವತಿಯ ಬಾಡಿಗೆ ಪುಸ್ತಕದ ಅಂಗಡಿ ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ. ನಾನಿದ್ದ ಔಷಧದ ಅಂಗಡಿಗೂ ಅದಕ್ಕೂ ನಡುವೆ ಒಂದೇ ಗೋಡೆ. ಅಳತೆ ನನಗೆ ಗೊತ್ತು. ೧೯೮೧ರಲ್ಲಿ ಅಲ್ಲಿ ಆರುನೂರ ನಲವತ್ತು ಪುಸ್ತಕಗಳಿದ್ದವು. ಐನೂರಕ್ಕೂ ಹೆಚ್ಚು ಒಂದೇ ಬಗೆಯವು: ಒಂದು ಸಣ್ಣ ಊರು, ಬಸ್ಸಿನಿಂದ ಇಳಿಯುವ ಒಬ್ಬ ಹೊಸಬ, ಅವನನ್ನು ನಂಬಬೇಕೋ ಬಾರದೋ ತಿಳಿಯದ ಒಬ್ಬ ಟೀಚರ್ ಅಥವಾ ನರ್ಸ್, ಒಂದು ಹೆಣ, ಕೊನೆಗೆ ಮದುವೆ.

ಊರಿನ ದೊಡ್ಡವರಿಗೆ ಆ ಅಂಗಡಿ ಕಂಡರೆ ಆಗುತ್ತಿರಲಿಲ್ಲ. ಹುಡುಗಿಯರು ಹಾಳಾಗುವುದು ಅಲ್ಲಿಂದಲೇ ಎಂದು ಹೇಳುತ್ತಿದ್ದರು. ಗುಣವತಿಗೂ ಊರಿನ ದೊಡ್ಡವರನ್ನು ಕಂಡರೆ ಆಗುತ್ತಿರಲಿಲ್ಲ. ಅವಳ ಬಾಯಿ ಕೆಟ್ಟದ್ದು. ಪುಟದ ಮೂಲೆ ಮಡಚಿ ತಂದ ಗಿರಾಕಿಗೆ, "ನಿಮ್ಮ ಕಿವಿಯನ್ನು ಹೀಗೆ ಮಡಚಿ ಒಂದು ವಾರ ಇಟ್ಟರೆ ಹೇಗಾಗ್ತದೆ?" ಎಂದು ಕೇಳುತ್ತಿದ್ದಳು.

ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಅವಳು ಒಂಬತ್ತು ವರ್ಷ ಬೀಡಿ ಕಟ್ಟಿದ್ದಳು. ಅಂಗಳದಲ್ಲಿ ಎಂಟು ಹೆಂಗಸರು ಸೂಪು ಎನ್ನುವ ಬೀಡಿಯ ಮೊರವನ್ನು ಮಡಿಲಲ್ಲಿಟ್ಟುಕೊಂಡು ಕೂತರೆ ಒಬ್ಬಳು ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಓದುವವಳ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಹೆಚ್ಚಾಗಿ ಓದುತ್ತಿದ್ದವಳು ಗುಣವತಿಯೇ. ಕೊಲೆ ಹತ್ತಿರವಾದಂತೆ ಬೀಡಿ ಬೇಗ ಬೇಗ ಆಗುತ್ತದೆ, ಪ್ರೇಮ ಬಂದರೆ ನಿಧಾನವಾಗುತ್ತದೆ ಎಂದು ಅವಳು ಗಮನಿಸಿದ್ದಳು. ಇಂಥ ಪುಸ್ತಕದಲ್ಲಿ ಎಂತ ಉಂಟು ಎಂದು ನಾನೊಮ್ಮೆ ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟು: "ಪೇಟೆಯಲ್ಲಿ ಸತ್ತವನು ಯಾರೋ. ಸಣ್ಣ ಊರಿನಲ್ಲಿ ಸತ್ತವನು ನಮ್ಮ ಮನೆಯ ಮಜ್ಜಿಗೆ ಕುಡಿದವನು. ಮತ್ತೆ, ಇಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಪುಸ್ತಕದ ಊರಿನಲ್ಲಿ ಯಾರಿಗೂ ಗೊತ್ತಿಲ್ಲದ್ದು ಒಂದಾದರೂ ಉಂಟಲ್ಲ, ಅದೇ ಸುಖ."

ಈ ಪುಸ್ತಕಗಳಿಗೆ ಒಂದು ತೊಂದರೆ ಇತ್ತು. ಹೆಸರು, ಮುಖಪುಟ, ಕಥೆ ಎಲ್ಲ ಒಂದೇ ತರ. ಓದಿದ್ದನ್ನೇ ಮತ್ತೆ ಒಯ್ದು ಜನ ಜಗಳಕ್ಕೆ ಬರುತ್ತಿದ್ದರು. ಅದಕ್ಕೆ ಓದುಗರು ತಮ್ಮದೇ ಒಂದು ಗುರುತು ಹಾಕತೊಡಗಿದರು. ಕಂಡಕಂಡ ಪುಟದಲ್ಲಿ ಗೀಚುವುದನ್ನು ತಡೆಯಲು ಗುಣವತಿ ನಿಯಮ ಮಾಡಿದಳು: ಹದಿನೇಳನೆಯ ಪುಟದಲ್ಲಿ, ಅಂಕಿಯ ಕೆಳಗೆ, ಪೆನ್ಸಿಲಿನಲ್ಲಿ ಮಾತ್ರ. ಹೆಸರು ಬರೆಯಬಾರದು. ಯಾರ ಗುರುತು ಯಾವುದು ಎಂಬುದು ಅವಳೊಬ್ಬಳಿಗೆ ಗೊತ್ತಿರುತ್ತಿತ್ತು. ಯಾರಿಗೂ ಹೇಳುವುದಿಲ್ಲ ಎಂದು ಪ್ರತಿಯೊಬ್ಬರಿಗೂ ಮಾತು ಕೊಟ್ಟಿದ್ದಳು.

ಚಂಪಾಳ ಗುರುತು ತ್ರಿಕೋನ. ಅವಳು ಉಡುಪಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಳು, ಅಪ್ಪ ಸರ್ವೋತ್ತಮ ಶೆಟ್ಟರಿಗೆ ಹೆಂಚು, ಸಿಮೆಂಟಿನ ವ್ಯಾಪಾರ. ಪುಟ್ಟ ಮೀನಿನ ಗುರುತು ಹಯಗ್ರೀವ ಭಟ್ಟರದು. ಅರವತ್ತೆರಡು ವರ್ಷದ ವಿಧುರ, ದೇವಸ್ಥಾನದ ಅರ್ಚಕ. ಬುಧವಾರ ಮಧ್ಯಾಹ್ನ ಪೂಜೆ ಮುಗಿಸಿ, ಬೀದಿಯ ಅಂಗಡಿಗಳೆಲ್ಲ ಊಟಕ್ಕೆ ಮುಚ್ಚಿದ ಹೊತ್ತಿಗೆ ಬಂದು, ಪಂಚಾಂಗದ ಜೊತೆ ಎರಡು ಕಾದಂಬರಿಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದರು.

ಶೆಟ್ಟರು ಮಗಳ ದಿಂಬಿನ ಕೆಳಗೆ ಒಂದು ಕಾದಂಬರಿ ಕಂಡರು. ಅದರಲ್ಲಿ ಏನು ವಿಷ ಉಂಟು ನೋಡಬೇಕು ಎಂದು ಕೂತು ಓದಿದರು. ಇನ್ನೊಂದು ತರಿಸಿದರು. ಹದಿನೈದು ದಿನಗಳಲ್ಲಿ ಹನ್ನೊಂದು ಓದಿದರು. ಸಿಮೆಂಟಿನ ಲಾರಿ ಬಾಗಿಲಲ್ಲಿ ನಿಂತಿದ್ದರೂ ಎದ್ದು ನೋಡಲಿಲ್ಲ ಎಂದು ಅವರ ಲೆಕ್ಕ ಬರೆಯುವ ರೈಟರೇ ಹೇಳಿದ. ಒಂದು ಕಾದಂಬರಿಯಲ್ಲಿ ಪ್ರೇಮಿಗಳು ಗ್ರಂಥಾಲಯದ ಪುಸ್ತಕದ ಪುಟಸಂಖ್ಯೆಯಿಂದ ಭೇಟಿಯ ದಿನ ಗೊತ್ತುಮಾಡುತ್ತಿದ್ದರು. ಶೆಟ್ಟರು ಹನ್ನೊಂದೂ ಪುಸ್ತಕಗಳನ್ನು ಹರಡಿಕೊಂಡರು. ಹನ್ನೊಂದರಲ್ಲೂ ಹದಿನೇಳನೆಯ ಪುಟದಲ್ಲಿ ತ್ರಿಕೋನ, ಅದರ ಪಕ್ಕದಲ್ಲಿ ಮೀನು. ಬೇರೆ ಗುರುತುಗಳೂ ಇದ್ದವು, ಆದರೆ ಯಾವುದೂ ಎಲ್ಲದರಲ್ಲಿ ಇರಲಿಲ್ಲ. ತ್ರಿಕೋನ ತನ್ನದೆಂದು ಚಂಪಾ ಒಪ್ಪಿದಳು, ಮೀನು ಯಾರದೋ ಗೊತ್ತಿಲ್ಲ ಎಂದಳು. ಹಿಂದಿನ ತಿಂಗಳ ಹದಿನೇಳನೆಯ ತಾರೀಕಿಗೆ ಚಂಪಾ ಒಂದೂವರೆ ಗಂಟೆ ತಡವಾಗಿ ಮನೆಗೆ ಬಂದಿದ್ದಳು. ಕಟಪಾಡಿಯಲ್ಲಿ ಬಸ್ಸಿನ ಟಯರು ಪಂಕ್ಚರಾಗಿತ್ತು ಎಂದರೆ ಅವರು ನಂಬಲಿಲ್ಲ. ಕಾದಂಬರಿಗಳಲ್ಲಿ ಇಂಥ ಕಾರಣಗಳು ಯಾವತ್ತೂ ಸುಳ್ಳು.

ಮಂಗಳವಾರ ಅವರು ಅಂಗಡಿಗೆ ಬಂದರು.

"ಮೀನು ಯಾರು?"

"ಗಿರಾಕಿ," ಎಂದಳು ಗುಣವತಿ.

"ಯಾವ ಹುಡುಗ ಅಂತ ಕೇಳಿದ್ದು."

"ಹುಡುಗ ಅಲ್ಲ ಶೆಟ್ರೇ. ನಿಮ್ಮ ಮಗಳನ್ನು ಅವರು ನೋಡಿರಲಿಕ್ಕೂ ಇಲ್ಲ. ಇಬ್ಬರೂ ಸಿಕ್ಕಿದ್ದನ್ನೆಲ್ಲ ಓದುವವರು, ಅಷ್ಟೇ."

"ಹಾಗಾದರೆ ಹೆಸರು ಹೇಳು."

"ಹೇಳುವುದಿಲ್ಲ."

"ಶನಿವಾರ ಮಧ್ಯಾಹ್ನದವರೆಗೆ ಸಮಯ ಕೊಡ್ತೇನೆ. ಹೇಳದಿದ್ದರೆ ಸೋಮವಾರದಿಂದ ಅವಳಿಗೆ ಕಾಲೇಜಿಲ್ಲ. ಮದುವೆ ಮಾಡಿ ಕಳಿಸ್ತೇನೆ. ಆ ಪಾಪ ನಿನಗೆ."

ಆ ವಾರ ಬೀದಿಯಲ್ಲಿ ಎಲ್ಲರೂ ಮೀನು ಹುಡುಕಿದರು. ಎದುರಿನ ದರ್ಜಿ ಸ್ಟ್ಯಾನಿಸ್ಲಾಸ್, "ಗುಣವತಿ, ಬಂಗುಡೆಯಾ, ಭೂತಾಯಿಯಾ, ಅದನ್ನಾದರೂ ಹೇಳು ಮಾರಾಯ್ತಿ!" ಎಂದು ಕೂಗುತ್ತಿದ್ದ. ಚಂಪಾಳ ಅಮ್ಮ ಬಂದು ಅತ್ತರು, ಆಮೇಲೆ ಬೈದರು. ಸದಸ್ಯರಲ್ಲಿ ಹತ್ತೊಂಬತ್ತು ಮಂದಿ ಪುಸ್ತಕ ವಾಪಸು ಕೊಟ್ಟು ಹೆಸರು ತೆಗೆಸಿಕೊಂಡರು. ಭಟ್ಟರು ಬುಧವಾರ ಬಂದಾಗ ಗುಣವತಿ ಏನೂ ಹೇಳಲಿಲ್ಲ. ಹೇಳಿದರೆ ಅವರನ್ನು ಒತ್ತಾಯಿಸಿದಂತೆ ಆಗುತ್ತದೆ ಎಂದು ಅವಳ ಲೆಕ್ಕ. ಹುಡುಗಿಯ ಓದು ಒಂದು ಕಡೆ, ಕೊಟ್ಟ ಮಾತು ಇನ್ನೊಂದು ಕಡೆ. ಗುರುವಾರ ಅವಳು ನನ್ನಲ್ಲಿ ತಲೆನೋವಿನ ಮಾತ್ರೆ ಕೇಳಿದಳು. ಶುಕ್ರವಾರ ಮತ್ತೆ ಕೇಳಿದಳು.

ಅದೇ ಶುಕ್ರವಾರ ಶೆಟ್ಟರು ಮಗಳ ಜಾತಕ ಹಿಡಿದುಕೊಂಡು ಹೋದದ್ದು ಭಟ್ಟರ ಬಳಿಗೇ. ಬೇಗ ಒಂದು ಮುಹೂರ್ತ ಬೇಕು ಎಂದರು. ಅವಸರ ಯಾಕೆ ಎಂದು ಕೇಳಿದ್ದಕ್ಕೆ ಮೀನಿನ ಕಥೆ ಪೂರ್ತಿ ಹೇಳಿದರು. ಭಟ್ಟರು ಜಾತಕವನ್ನು ಮಡಚಿಟ್ಟು, ನಾಳೆ ಹೇಳುತ್ತೇನೆ ಎಂದರಂತೆ.

ಶನಿವಾರ ಹನ್ನೆರಡಕ್ಕೆ ಅಂಗಡಿಯ ಮುಂದೆ ಇಪ್ಪತ್ತು ಇಪ್ಪತ್ತೈದು ಜನ ಸೇರಿದ್ದರು. ಶೆಟ್ಟರು ಹನ್ನೊಂದೂ ಪುಸ್ತಕಗಳನ್ನು ಹೊರಿಸಿಕೊಂಡು ಬಂದಿದ್ದರು.

"ಮೀನು ನಾನೇ," ಎಂದಳು ಗುಣವತಿ. "ಪುಸ್ತಕದ ಹೊಲಿಗೆ ಸರಿ ಉಂಟಾ ಅಂತ ನೋಡಿದ ಮೇಲೆ ಹಾಕುವ ಗುರುತು ಅದು."

"ಹೌದಾ? ಬರೆದು ತೋರಿಸು."

ಅವಳು ಬರೆದಳು. ಶೆಟ್ಟರು ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದರು. ಆಮೇಲೆ ಪುಸ್ತಕಗಳನ್ನು ಒಂದೊಂದಾಗಿ ತೆರೆದು ನೋಡಿದರು.

"ಸುಳ್ಳು. ಹನ್ನೊಂದರಲ್ಲೂ ಬಾಲ ಬಲಕ್ಕೆ ಉಂಟು. ನಿನ್ನದು ಎಡಕ್ಕೆ. ಅವನದಕ್ಕೆ ಕಣ್ಣಿಲ್ಲ, ನಿನ್ನದಕ್ಕೆ ಕಣ್ಣುಂಟು. ಯಾರನ್ನೋ ಕಾಪಾಡ್ತಾ ಇದ್ದೀ ನೀನು!"

"ಶೆಟ್ರು ಭಾರೀ ಪತ್ತೇದಾರರು!" ಎಂದು ಸ್ಟ್ಯಾನಿಸ್ಲಾಸ್ ಚಪ್ಪಾಳೆ ತಟ್ಟಿದ. ಜನ ನಕ್ಕರು. ಗುಣವತಿಯ ಮುಖ ಕೆಂಪಾಗಿತ್ತು.

ಭಟ್ಟರು ಜನರ ನಡುವಿನಿಂದ ಬಂದರು. ಪೆನ್ಸಿಲು ತೆಗೆದುಕೊಂಡು ಅದೇ ಕಾಗದದಲ್ಲಿ, ಅವಳ ಮೀನಿನ ಕೆಳಗೆ ಒಂದು ಮೀನು ಬರೆದರು. ಬಾಲ ಬಲಕ್ಕೆ, ಕಣ್ಣಿಲ್ಲ.

"ಭಟ್ರೇ," ಎಂದಳು ಗುಣವತಿ, "ನಿಮ್ಮನ್ನು ಯಾರು ಕರೆದದ್ದು? ನಾನು ಹೇಳಿದೆನಾ?"

"ನೀನು ಹೇಳಲಿಲ್ಲ ಮಗಾ. ಶೆಟ್ರು ಹೇಳಿದ್ದು." ಭಟ್ಟರು ಶೆಟ್ಟರ ಕಡೆ ತಿರುಗಿದರು. "ಆರು ವರ್ಷದಿಂದ ಓದ್ತಾ ಇದ್ದೇನೆ. ನಿಮ್ಮ ಮಗಳ ಮುಖ ನಾನು ನೋಡಿದ್ದು ನಾಮಕರಣಕ್ಕೆ. ಕಣ್ಣು ಬರೆಯದ್ದು ಯಾಕೆಂದರೆ ನನಗೆ ಅಷ್ಟು ಸಣ್ಣದು ಕಾಣುವುದಿಲ್ಲ. ಹುಡುಗಿಯನ್ನು ಕಾಲೇಜಿಗೆ ಕಳಿಸಿ."

ಯಾರೋ ಹಿಂದಿನಿಂದ "ಕೊಲೆ ಭಟ್ರು!" ಎಂದರು. ಆ ಹೆಸರು ಅವರು ಸಾಯುವವರೆಗೂ ಹೋಗಲಿಲ್ಲ. ಮೂರು ಮನೆಗಳವರು ಸತ್ಯನಾರಾಯಣ ಪೂಜೆಗೆ ಬೇರೆ ಪುರೋಹಿತರನ್ನು ಕರೆಸಿಕೊಂಡರು. ಭಟ್ಟರು ಬುಧವಾರ ಮಧ್ಯಾಹ್ನದ ಬದಲು ಸಂಜೆ ಐದಕ್ಕೆ, ಬೀದಿ ತುಂಬ ಜನ ಇರುವಾಗ, ಪುಸ್ತಕವನ್ನು ಕೈಯಲ್ಲೇ ಹಿಡಿದು ಬರತೊಡಗಿದರು.

ಶೆಟ್ಟರು ಕ್ಷಮೆ ಕೇಳಲಿಲ್ಲ. ಹನ್ನೊಂದು ಪುಸ್ತಕಗಳನ್ನು ಮೇಜಿನ ಮೇಲೆ ಒಗೆದು, "ಕಾಲೇಜಿಗೆ ಹೋಗ್ತಾಳೆ. ಆದರೆ ಈ ಹೊಸ್ತಿಲಲ್ಲಿ ಅವಳ ಕಾಲು ಕಂಡರೆ ಮಾರನೇ ದಿನವೇ ನಿಲ್ಲಿಸ್ತೇನೆ," ಎಂದು ಹೋದರು.

ಸೋಮವಾರ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಚಂಪಾ ಬಸ್ಸಿಗೆ ಬಂದವಳು ನೇರ ಅಂಗಡಿಗೆ ನಡೆದಳು. ಗುಣವತಿ ಹೊರಗೆ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಗುಣವತಿ ಅಕ್ಕ, ಒಂದೇ ಒಂದು. ಲೈಬ್ರರಿ ಪುಸ್ತಕದ ಒಳಗಿಟ್ಟು ಒಯ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ."

"ನಿನ್ನ ಹೆಸರು ಹೊಡೆದು ಹಾಕಿದ್ದೇನೆ."

"ಯಾಕೆ? ನಾನೆಂತ ಮಾಡಿದೆ?"

"ಡಿಗ್ರಿ ಮುಗಿಸಿ ಬಾ. ಅಲ್ಲಿವರೆಗೆ ಈ ಕಡೆ ತಲೆ ಹಾಕಬೇಡ."

"ಅಪ್ಪನ ಮುಂದೆ ಅಷ್ಟು ಜಗಳ ಮಾಡಿದ್ದು ಇದಕ್ಕಾ? ನೀವೂ ಅಪ್ಪನೂ ಒಂದೇ!"

"ಹೌದು, ಒಂದೇ. ಬಸ್ಸು ಬಂತು, ಹತ್ತು."

ಚಂಪಾ ಅಳುತ್ತಲೇ ಹತ್ತಿದಳು. ಎರಡು ವರ್ಷ ಅವಳು ಆ ಬಸ್ಸು ತಪ್ಪಿಸಲಿಲ್ಲ. ಎರಡು ವರ್ಷವೂ, ಬಸ್ಸಿಗೆ ಕಾಯುವಾಗ, ಅಂಗಡಿಗೆ ಬೆನ್ನು ಹಾಕಿಯೇ ನಿಲ್ಲುತ್ತಿದ್ದಳು. ಗುಣವತಿ ಮಾತ್ರ ಬಾಗಿಲಲ್ಲೇ ನಿಂತು ಅವಳನ್ನು ನೋಡುತ್ತ, ಬಸ್ಸು ಹೊರಡುವವರೆಗೆ ಗಿರಾಕಿಗಳಿಗೆ ಪುಸ್ತಕ ಕೊಡುತ್ತಿರಲಿಲ್ಲ.