ಬೆಟ್ಟದ ಮುಖ ನೋಡುತ್ತಿದ್ದವಳು

ನಮ್ಮ ಕೊಲ್ಲಿಯಲ್ಲಿ ದೋಣಿ ಕಟ್ಟುವ ಜಾಗದಿಂದ ಬೆಟ್ಟ ಕಾಣುವುದಿಲ್ಲ. ನಡುವೆ ಸ್ಪ್ರೂಸ್ ಮರಗಳ ದಿಣ್ಣೆ ಅಡ್ಡ. ಕಾಣುವುದು ಸಮುದ್ರಕ್ಕೆ ಚಾಚಿದ ನೆಲದ ತುದಿಯಲ್ಲಿರುವ ಅಗ್ರಫೇನಕ್ಕನ ಅಂಗಳದಿಂದ ಮಾತ್ರ. ಅದು ನ್ಯಾಯವೇ ಅನ್ನಿ, ಬೆಟ್ಟ ಅವಳ ಕುಲದ್ದು, ತಾಯಿಯಿಂದ ಮಗಳಿಗೆ ಇಳಿದು ಬಂದದ್ದು. ನಮ್ಮ ತ್ಲಿಂಗಿತ್ ಜನರಲ್ಲಿ ಕಾಗೆ, ಹದ್ದು ಎಂದು ಎರಡು ಪಂಗಡ. ಅವಳು ಕಾಗೆ, ನಾನು ಹದ್ದು. ಆ ಬೆಟ್ಟದ ಹಾಡೂ ಅವರ ಕುಲದ್ದೇ, ನಾನು ಗುನುಗುವಂತೆಯೂ ಇಲ್ಲ.

ಮೂವತ್ತು ವರ್ಷ ಅವಳು ಬೆಳಗಾದರೆ ತಲೆಗೆ ಬಟ್ಟೆ ಕಟ್ಟಿಕೊಂಡು ಅಂಗಳಕ್ಕೆ ಬಂದು, ಬೆಟ್ಟದ ಕಡೆ ತಿರುಗಿ, "ಅಜ್ಜಾ, ಮುಖ ತೋರ್ಸು" ಎನ್ನುತ್ತಿದ್ದಳು. ನೆತ್ತಿಯ ಹಿಮ ಮೋಡವಿಲ್ಲದೆ ಕಂಡರೆ ಒಳ್ಳೆಯ ದಿನ. ಅದರ ಮೇಲೆ ಮೋಡ ಟೋಪಿಯಂತೆ ಕೂತಿದ್ದರೆ ಮಧ್ಯಾಹ್ನಕ್ಕೆ ಬಿರುಗಾಳಿ ಖಂಡಿತ. ಆಮೇಲೆ ರೇಡಿಯೋ ಹಿಡಿದು ದೋಣಿಗಳಿಗೆ ಹೇಳುವಳು. "ಅಜ್ಜ ಬೋಳುತಲೇಲಿ ಇದ್ದಾನೆ, ಹೋಗ್ಬನ್ನಿ. ಲೇ ನಿಕಿಫೋರ್, ಮದುವೆ ಆದ್ಮೇಲೆ ಸೋಮಾರಿ ಆಗ್ಬಿಟ್ಟೆ ಕಣೋ, ಏಳೋ!"

ನಿಕಿಫೋರ್ ಅವಳ ತಮ್ಮ, ನನ್ನ ತಂಗಿ ಸ್ಟೆಪನಿಡಾಳ ಗಂಡ. "ಎದ್ದಿದ್ದೀನಿ ಮಾರಾಯ್ತಿ, ಕಾಫಿ ಕುಡಿಯೋಕಾದ್ರೂ ಬಿಡು" ಎಂದು ಅವನು ಗೊಣಗುವುದನ್ನು ಊರೆಲ್ಲ ಕೇಳಿ ನಗುತ್ತಿತ್ತು.

ಹೋದ ವರ್ಷ ಸಾಲ್ಮನ್ ಮೀನಿನ ಹಂಗಾಮು ಮುಗಿಯುವ ಕಾಲದಲ್ಲಿ ಒಂದು ದಿನ ಅಗ್ರಫೇನಕ್ಕ ಅಜ್ಜ ಬೋಳುತಲೆ ಎಂದಳು. ನಿಕಿಫೋರ್ ಹೋದ. ಕೊಲ್ಲಿಯ ಬಾಯಿಗೆ ಕವಿದ ಮಂಜಿನಲ್ಲಿ ಬೆಟ್ಟ ಅವನಿಗೂ ಕಂಡಿರಲಾರದು. ಮಧ್ಯಾಹ್ನ ಬಿರುಗಾಳಿ ಎದ್ದಿತು. ಮೂರನೆಯ ದಿನ ಅವನು ದಂಡೆಗೆ ಬಂದು ಬಿದ್ದಿದ್ದ. ಸತ್ತವರ ಕೆಲಸ ಎದುರು ಪಂಗಡದ್ದು, ಆದ್ದರಿಂದ ಪೆಟ್ಟಿಗೆಗೆ ಹಲಗೆ ಕೊಯ್ದವನು ನಾನೇ. ಕೊಯ್ಯುತ್ತಾ ನನ್ನ ಬುದ್ಧಿ ಕೆಟ್ಟಿತು. ದಿಣ್ಣೆಯಾಚೆಯ ಬೆಟ್ಟದ ಕಡೆ ತಿರುಗಿ, "ಸುಳ್ಳ ಮುದ್ಕಾ! ನಂಬಿದವರನ್ನೇ ತಿಂದ್ಯಲ್ಲೋ!" ಎಂದು ಕೂಗಿದೆ.

ಹಿಮದ ಬೆಟ್ಟಕ್ಕೆ ಕಿವಿಯಿದೆ, ನೋಡಿಕೊಂಡು ಮಾತಾಡು ಎಂದು ಕೂಸಿಗೂ ಕಲಿಸುವ ಊರು ನಮ್ಮದು. ಮುದುಕಿಯರು ಹೌಹಾರಿ ಬಾಯಿಗೆ ಕೈ ಅಡ್ಡ ಹಿಡಿದರು. ಆದರೂ ಚಳಿಗಾಲ ಕಳೆಯುವುದರೊಳಗೆ ನನ್ನ ಮಾತು ಎಲ್ಲರ ಬಾಯಲ್ಲೂ ಇತ್ತು. ಬೆಟ್ಟಕ್ಕೆ ನಮಸ್ಕಾರ ಹೇಳುವವರೇ ಇಲ್ಲವಾದರು. ಅಗ್ರಫೇನಕ್ಕ ರೇಡಿಯೋ ಮುಟ್ಟುವುದನ್ನೇ ಬಿಟ್ಟಳು.

ವರ್ಷ ತುಂಬಿತು. ಸತ್ತವನ ಕುಲದವರು ಎದುರು ಪಂಗಡದ ನಮ್ಮನ್ನು ಔತಣಕ್ಕೆ ಕರೆದರು. ಅವರು ಕೊನೆಯ ಬಾರಿ ಅಳಬೇಕು, ನಮ್ಮಲ್ಲೊಬ್ಬ ಎದ್ದು ಆ ಕಣ್ಣೀರು ಒಣಗುವಂಥ ಮಾತಾಡಬೇಕು. ಆ ಸಲ ಮಾತಾಡಬೇಕಾದವನು ನಾನು. ಅಗ್ರಫೇನಕ್ಕ ಬೆಟ್ಟದ ಚಿತ್ರ ನೇಯ್ದ ಕಂಬಳಿ ಹೊದ್ದು ಎದ್ದು ನಿಂತಳು. ಬೆಟ್ಟದ ಹಾಡು ಹಾಡಬೇಕಿತ್ತು, ಅವಳು ಹಾಡಲಿಲ್ಲ.

"ಅಜ್ಜ ಸುಳ್ಳು ಹೇಳ್ಲಿಲ್ಲ" ಎಂದಳು. "ಎರಡು ವರ್ಷದಿಂದ ನನ್ನ ಕಣ್ಣಿಗೆ ಬೆಳ್ಳಗಿದೆ ಅನ್ನೋದಷ್ಟೇ ಗೊತ್ತಾಗೋದು. ಗಾಳಿ ಮೂಸಿ, ಹಕ್ಕಿ ಕೂಗು ಕೇಳಿ ಹೇಳ್ತಿದ್ದೆ. ಸರಿಹೋಗ್ತಿತ್ತು. ಅವತ್ತು ಟೋಪೀನ ಹಿಮ ಅಂದ್ಕೊಂಡೆ. ಬೈಯೋದಾದ್ರೆ ನನ್ನ ಬೈರಿ. ಅವನ ತಂಟೆಗೆ ಹೋಗ್ಬೇಡಿ."

ಸ್ಟೆಪನಿಡಾ ಕೂತಲ್ಲಿಂದಲೇ ಕೇಳಿದಳು. "ಯಾಕೆ ಹೇಳ್ಲಿಲ್ಲ ಅತ್ತಿಗೆ?"

"ಹೇಳಿದ್ರೆ, ಬೆಳಿಗ್ಗೆ ಎದ್ದು ನಾನೇನು ಮಾಡ್ಲಿ?"

ನಾನು ಏಳಬೇಕಿತ್ತು. ಎದ್ದೆ. ಒಂದು ವರ್ಷದಿಂದ ಕೂಡಿಟ್ಟ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಹಾಗೇ ಕೂತೆ. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಮರುದಿನ ಬೆಟ್ಟದ ಕ್ಷಮೆ ಕೇಳೋಣವೆಂದು ಅವಳ ಅಂಗಳಕ್ಕೆ ಹೋದೆ. ಅಗ್ರಫೇನಕ್ಕ ಆಗಲೇ ನಿಂತಿದ್ದಳು, ಬೆಟ್ಟವಿರುವ ಕಡೆಗಲ್ಲ, ಬರಿಯ ಸಮುದ್ರದ ಕಡೆಗೆ ಮುಖ ಮಾಡಿ. ನಾನು ಬಾಯಿ ತೆರೆಯುವ ಮೊದಲೇ ಸ್ಟೆಪನಿಡಾ ನನ್ನನ್ನು ದಾಟಿ ಹೋದಳು. ವರ್ಷದಿಂದ ಅವಳು ಆ ಅಂಗಳ ಮೆಟ್ಟಿರಲಿಲ್ಲ. ಅತ್ತಿಗೆಯ ಭುಜ ಹಿಡಿದು ಎಡಕ್ಕೆ ತಿರುಗಿಸಿದಳು.

"ಇಲ್ಲಿದ್ದಾನೆ ನೋಡು."

"ಟೋಪಿ ಇದೆಯೇನೇ?" ಅಗ್ರಫೇನಕ್ಕ ಕೇಳಿದಳು.

ಟೋಪಿ ಇತ್ತು. ಬೂದು ಬಣ್ಣದ ದಪ್ಪ ಮೋಡ, ಬಿಳಿಯ ಹಿಮದ ಮೇಲೆ ಎದ್ದು ಕಾಣುತ್ತಿತ್ತು. ಕೊಲ್ಲಿಯ ಆಚೆ ಮೀನು ಹಾರಿದರೂ ಕಾಣುವ ಕಣ್ಣು ನನ್ನ ತಂಗಿಯದು. ಅವಳು ಬಹಳ ಹೊತ್ತು ನೋಡಿದಳು.

"ಗೊತ್ತಾಗ್ತಿಲ್ಲ ಅತ್ತಿಗೆ" ಎಂದಳು. "ಮೋಡವೋ ಹಿಮವೋ, ನನಗೂ ಗೊತ್ತಾಗ್ತಿಲ್ಲ."