ಧೂಳಿಲ್ಲದ ಕಂಪ್ಯೂಟರಿಗೆ ಪ್ರಶಸ್ತಿ

ಆ ಪ್ರಶಸ್ತಿಯ ಅಂಕಪಟ್ಟಿ ತಯಾರಿಸಿದವನು ನಾನೇ. ಬೇರೆಯವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳೋಣ ಎಂದು ಎಷ್ಟೋ ಸಲ ಅನಿಸಿದೆ. ಆದರೆ ಅಕ್ಷರ ನನ್ನದು, ಸಹಿಯೂ ನನ್ನದು. ಆಗ ನಾನು ಸಂಡೂರು ಸೀಮೆಯಲ್ಲಿ ಸಿ.ಆರ್.ಪಿ. ಆಗಿದ್ದೆ. ಅಂದರೆ ಹತ್ತಾರು ಶಾಲೆಗಳ ನಡುವೆ ಮೋಟಾರ್ ಸೈಕಲ್ ಓಡಿಸಿಕೊಂಡು ಮೇಷ್ಟ್ರುಗಳಿಗೆ ಬುದ್ಧಿ ಹೇಳುವ ಮೇಷ್ಟ್ರು. ನನಗೆ ಎಷ್ಟು ಬುದ್ಧಿ ಇದೆ ಎಂದು ಯಾರೂ ಕೇಳಿರಲಿಲ್ಲ.

ಅದು ಗಣಿಯ ಭರಾಟೆಯ ಕಾಲ. ಗುಡ್ಡ ಕಡಿದ ಅದಿರನ್ನು ಹೊತ್ತ ಲಾರಿಗಳು ದಿನವಿಡೀ ಸಾಲುಗಟ್ಟಿ ಹೊಸಪೇಟೆ ಕಡೆ ಹೊರಡುತ್ತಿದ್ದವು. ಎಮ್ಮೆ, ಗೋಡೆ, ಒಣಹಾಕಿದ ಲುಂಗಿ, ಮಕ್ಕಳ ಮೂಗು, ಎಲ್ಲವೂ ಒಂದೇ ಕೆಂಪು. ಇಂಥ ಊರುಗಳಲ್ಲಿ ದೊಡ್ಡಸ್ತಿಕೆ ಅಂದರೆ ಧೂಳಿಲ್ಲದಿರುವುದು. ಬಿಳಿ ಅಂಗಿ ಸಂಜೆಯವರೆಗೂ ಬಿಳಿಯಾಗಿಯೇ ಉಳಿದವನು ಸಾಹುಕಾರ. ಬೀಗರು ಮನೆಗೆ ಬಂದರೆ ಕೂರುವ ಮೊದಲು ಕುರ್ಚಿಯ ಮೇಲೆ ಒಂದು ಬೆರಳು ಎಳೆದು ನೋಡುತ್ತಿದ್ದರು. ಬೆರಳು ಕೆಂಪಾದರೆ ಆ ಮನೆಯ ಹೆಣ್ಣುಮಕ್ಕಳು ಮೈಗಳ್ಳರು ಎಂದು ಅಲ್ಲೇ ತೀರ್ಮಾನ. ನಮ್ಮ ಪ್ರಶಸ್ತಿ ಸಮಿತಿಗೆ ಇದ್ದ ಬುದ್ಧಿಯೂ ಇಷ್ಟೇ ಆದ್ದರಿಂದ ಇದನ್ನೆಲ್ಲ ಹೇಳಬೇಕಾಯಿತು.

ಒಂದು ಗಣಿ ಕಂಪನಿ ಕೆಲವು ಶಾಲೆಗಳಿಗೆ ತಲಾ ಒಂದು ಕಂಪ್ಯೂಟರ್ ಕೊಟ್ಟಿತ್ತು. ಎರಡು ವರ್ಷ ಕಳೆದ ಮೇಲೆ, ಅದನ್ನು ಪಾಠದಲ್ಲಿ ಚೆನ್ನಾಗಿ ಬಳಸಿದ ಶಿಕ್ಷಕರಿಗೆ ಸನ್ಮಾನ ಮಾಡಬೇಕೆಂದು ಅವರಿಗೆ ಹೊಳೆಯಿತು. ಸಮಿತಿಯಲ್ಲಿ ಮೂವರು: ಇಲಾಖೆಯ ಸಾಹೇಬರು, ಕಂಪನಿಯ ಒಬ್ಬ ಮನುಷ್ಯ, ನಾನು. ಸಾಹೇಬರ ಲೆಕ್ಕದಲ್ಲಿ ಕಂಪ್ಯೂಟರ್ ಅಂದರೆ ಟಿವಿಯ ತಮ್ಮ. ಕಂಪನಿಯವನಿಗೆ ಅದು ಫೋಟೋದಲ್ಲಿ ಫಳಫಳ ಹೊಳೆಯಬೇಕಾದ ದಾನ. ಅಂಕಪಟ್ಟಿ ಬರೆಯಿರಿ ಎಂದಾಗ ನಾನು ಇಬ್ಬರ ಮುಖವನ್ನೂ ನೋಡಿಕೊಂಡು ಬರೆದೆ. 'ಉಪಕರಣದ ಸ್ಥಿತಿ ಮತ್ತು ಸ್ವಚ್ಛತೆ' ಎಂಬುದಕ್ಕೇ ನೂರು ಅಂಕದಲ್ಲಿ ಅರ್ಧ ಹೋಯಿತು. 'ಪಾಠದಲ್ಲಿ ಬಳಕೆ' ಎಂಬುದನ್ನು ಕೊನೆಯ ಸಾಲಿನಲ್ಲಿ ಸೇರಿಸಿ ಐದು ಅಂಕ ಇಟ್ಟೆ.

ಮೊದಲು ನೋಡಿದ್ದು ಪೇಟೆಯ ಒಂದು ಶಾಲೆ. ಕಂಪ್ಯೂಟರ್ ಇದ್ದದ್ದು ಹೆಡ್‌ಮಾಸ್ತರರ ಕೋಣೆಯಲ್ಲಿ, ಬೀರುವಿನ ಹಿಂದೆ. ಕಿಟಕಿಗೆ ಮೊಳೆ ಹೊಡೆದಿತ್ತು. ಕಂಪನಿಯಿಂದ ಬಂದ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು, ಅದರ ಮೇಲೆ ಅವರ ಮನೆಯಾಕೆ ಕಸೂತಿ ಹಾಕಿದ ಇನ್ನೊಂದು ಹೊದಿಕೆ. ಹಣೆ ಎನ್ನಬೇಕಾದ ಜಾಗದಲ್ಲಿ ಮೂರು ಗೆರೆ ವಿಭೂತಿ, ಮುಂದೊಂದು ನಿಂಬೆಹಣ್ಣು. ನಾವು ಮೂವರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು, ನಾನೂ ಬಿಟ್ಟೆ.

"ಒಂದಿನಾನೂ ಧೂಳು ಕುಂದ್ರಾಕ ಬಿಟ್ಟಿಲ್ರಿ ಸಾಹೇಬ್ರ," ಅಂದರು ಹೆಡ್‌ಮಾಸ್ತರು. "ಹುಡುಗರ ಕೈಗೆ ಕೊಟ್ರ ಹಾಳಾಗಿ ಹೋಗ್ತೈತಿ."

"ಮತ್ತ ಪಾಠ ಹೆಂಗ ಮಾಡ್ತೀರಿ?" ನಾನು ಕೇಳಿದೆ.

"ಮಾಡ್ತೀವಲ್ರಿ. ಬಾಗಿಲದಾಗ ಸಾಲು ನಿಂದ್ರಿಸಿ, ಇದು ಮಾನಿಟರ್, ಇದು ಮೌಸ್ ಅಂತ ತೋರಸ್ತೀವಿ. ಹುಡುಗ್ರು ಕೈ ಮುಗದು ಹೋಗ್ತಾರ."

ಸಾಹೇಬರು ಬಿಳಿ ಕರವಸ್ತ್ರ ತೆಗೆದು ಹೊದಿಕೆ ಎತ್ತಿ ಒರೆಸಿದರು. ಕರವಸ್ತ್ರ ಬಿಳಿಯಾಗಿಯೇ ಇತ್ತು. "ಭಾಳ ಶಿಸ್ತು ಐತ್ರಿ ನಿಮ್ದು," ಎಂದು ಬೆನ್ನು ತಟ್ಟಿದರು. ಅದನ್ನು ಚಾಲೂ ಮಾಡಿ ತೋರಿಸಿ ಎಂದು ಮೂವರಲ್ಲಿ ಒಬ್ಬರೂ ಅನ್ನಲಿಲ್ಲ.

ಮಧ್ಯಾಹ್ನ ಬಂಡ್ರಿ ಕಡೆಯ ಒಂದು ಹಳ್ಳಿಗೆ ಹೋದೆವು. ಅಲ್ಲಿಯ ವಿಜ್ಞಾನದ ಟೀಚರು ದಿನಾ ಹೊಸಪೇಟೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಕಂಪ್ಯೂಟರನ್ನು ತರಗತಿಯಲ್ಲೇ, ತೆರೆದ ಕಿಟಕಿಯ ಪಕ್ಕ ಇಟ್ಟಿದ್ದರು. ಕಿಟಕಿಯಾಚೆ ಲಾರಿ ರಸ್ತೆ. ಯಂತ್ರ ಪೂರಾ ಕೆಂಪಾಗಿತ್ತು. ಬಳಸಿ ಬಳಸಿ ಕೀಲಿಗಳ ಮೇಲಿನ ಅಕ್ಷರ ಅಳಿಸಿಹೋಗಿ, ಉಗುರುಬಣ್ಣದಲ್ಲಿ ಮತ್ತೆ ಬರೆದಿದ್ದರು. ಪಕ್ಕಕ್ಕೆ ಮಕ್ಕಳ ಕೈಬರಹದ ಚೀಟಿ ಅಂಟಿಸಿತ್ತು: 'ಒಣ ಬಟ್ಟೆಯಿಂದ ಮಾತ್ರ ಒರೆಸಿರಿ.' ನಾವು ಒಳಗೆ ಬಂದಾಗ ಟೀಚರು ಪಾಠ ನಿಲ್ಲಿಸಲಿಲ್ಲ, ಕೂರಿ ಎಂದು ಕೈ ತೋರಿಸಿ ಮುಂದುವರಿಸಿದರು. ಸಾಹೇಬರ ಮುಖ ಅಲ್ಲೇ ಹುಳ್ಳಗಾಯಿತು.

ಪರದೆಯ ಮೇಲೆ ಇದ್ದದ್ದು ಶಾಲೆಯ ಎದುರಿನ ಗುಡ್ಡ. ಸಂಡೂರಿನ ಮದುವೆ ಫೋಟೋ ಸ್ಟುಡಿಯೋದವನಿಂದ ತಿಂಗಳಿಗೊಮ್ಮೆ ಕ್ಯಾಮೆರಾ ಕಡ ತಂದು, ನಲ್ಲಿಯ ಹತ್ತಿರದ ಅದೇ ಕಲ್ಲಿನ ಮೇಲೆ ನಿಂತು, ಎರಡು ವರ್ಷ ಒಂದೂ ತಿಂಗಳು ಬಿಡದೆ ತೆಗೆದ ಚಿತ್ರಗಳು. ಟೀಚರು ಒಂದು ಕೀಲಿಯನ್ನು ಟಕಟಕ ಒತ್ತುತ್ತ ಹೋದರು. ಗುಡ್ಡ ಒಂದೊಂದೇ ಮೆಟ್ಟಿಲು ಇಳಿಯಿತು. ಮಕ್ಕಳು ಮೊದಲು ನಕ್ಕರು, ಆಮೇಲೆ ಕಿಟಕಿಯಾಚೆ ನೋಡಿದರು. ಒಬ್ಬಳು ಪರದೆಗೆ ಸ್ಕೇಲು ಹಿಡಿದು ಎತ್ತರ ಅಳೆದಳು, ಉಳಿದವರು ನಕ್ಷೆ ಬರೆದರು. ಸವಕಳಿ, ಅನುಪಾತ, ನಕ್ಷೆ, ಮೂರೂ ಒಂದೇ ಪಾಠದಲ್ಲಿ ಮುಗಿದವು. ನಾನು ಅಂಕಪಟ್ಟಿ ಮರೆತು ನೋಡುತ್ತ ಕೂತೆ. ಹೊಟ್ಟೆಕಿಚ್ಚೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಅಷ್ಟು ವರ್ಷ ಮೇಷ್ಟ್ರಾಗಿದ್ದು ನಾನು ಅಂಥದೊಂದು ಪಾಠ ಮಾಡಿರಲಿಲ್ಲ.

ಸಾಹೇಬರು ಎದ್ದು ಯಂತ್ರದ ಮೇಲೆ ಕರವಸ್ತ್ರ ಎಳೆದರು. ಅದು ಕುಂಕುಮದಲ್ಲಿ ಅದ್ದಿದ ಹಾಗಾಯಿತು.

"ಏನ್ರೀ ಟೀಚರ್, ಇಷ್ಟು ಹೊಲಸು ಇಟ್ಟೀರಿ?"

"ಕಿಟಕಿ ಹಾಕಿದ್ರ ಮಕ್ಕಳಿಗೆ ಕತ್ತಲ್ರಿ ಸರ್. ವಾರಕ್ಕೊಮ್ಮೆ ಒರಸ್ತೀವಿ. ಸಿಡಿ ಹಾಕೋದು ಕೆಟ್ಟೈತಿ, ರಿಪೇರಿಗೆ ಯಾರನ್ನರ ಕಳಸ್ರಿ ಅಂತ ಮೂರು ಸಲ ಬರದೀನಿ. ನನಗ ಸನ್ಮಾನ ಬ್ಯಾಡ್ರಿ, ಇದನ್ನ ಸರಿ ಮಾಡಿಸಿಕೊಡ್ರಿ ಸಾಕು. ಚಿತ್ರ ಎಲ್ಲಾ ಇದರಾಗ ಅದಾವು, ಸಿಡಿಗೆ ತಕ್ಕೊಳ್ಳಾಕ ಆಗವಲ್ದು, ಬ್ಯಾರೆ ಎಲ್ಲೂ ಇಲ್ರಿ."

ಸ್ಟುಡಿಯೋದವನು ಮದುವೆ ಫೋಟೋಗೆ ಜಾಗ ಬೇಕೆಂದು ತನ್ನ ಕ್ಯಾಮೆರಾದಿಂದ ಅವನ್ನು ಅಳಿಸಿಬಿಡುತ್ತಿದ್ದನಂತೆ. ಟೀಚರು ಬರೆದ ಆ ಮೂರೂ ಪತ್ರ ನನಗೇ ಬಂದಿದ್ದವು. ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ, ಆ ದಿನವೂ ಅಲ್ಲೇ ಇದ್ದವು. ಅಂಕ ಹಾಕುವಾಗ ಬಳಕೆಗೆ ಐದಕ್ಕೆ ಐದು ಹಾಕಿ, ಅದನ್ನೇ ದೊಡ್ಡ ಧೈರ್ಯ ಎಂದುಕೊಂಡೆ.

ಸಮಾರಂಭ ಹೊಸಪೇಟೆಯಲ್ಲಿ ನಡೆಯಿತು. ಹೆಡ್‌ಮಾಸ್ತರಿಗೆ ಶಾಲು, ಹಾರ, ಕಂಪ್ಯೂಟರಿನ ಚಿತ್ರ ಕೊರೆದ ಫಲಕ. 'ತಂತ್ರಜ್ಞಾನವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ ಗುರುಗಳು' ಎಂದು ಸಾಹೇಬರು ಹೊಗಳಿದರು. ಯಾರಿಂದ ಕಾಪಾಡಿದರು? ಮಕ್ಕಳಿಂದ. ಸಭೆ ಚಪ್ಪಾಳೆ ತಟ್ಟಿತು. ಅದೇ ಉಸಿರಿನಲ್ಲಿ ಇನ್ನೊಂದು ಘೋಷಣೆ ಬಂತು: ಸರಿಯಾಗಿ ನೋಡಿಕೊಳ್ಳದ ಶಾಲೆಯ ಕಂಪ್ಯೂಟರನ್ನು ಸುರಕ್ಷತೆಗಾಗಿ ಪ್ರಶಸ್ತಿ ಪಡೆದ ಶಾಲೆಗೆ ಸಾಗಿಸಲಾಗುವುದು. ಆಮೇಲೆ ಕಂಪನಿಯವನು ಎಲ್ಲರನ್ನೂ ಜೀಪಿನಲ್ಲಿ ಕಡ್ಡಿರಾಂಪುರದ ಹೋಟೆಲಿಗೆ ಕರೆದೊಯ್ದು ಊಟ ಹಾಕಿಸಿದ. ಹೆಡ್‌ಮಾಸ್ತರು ಶಾಲು ತೆಗೆಯದೆಯೇ ಉಂಡರು. ನಾನೂ ಎರಡು ಸಲ ಬಡಿಸಿಕೊಂಡು ಉಂಡೆ.

ಬಂಡ್ರಿ ಕಡೆಯ ಆ ಹಳ್ಳಿಯಿಂದ ಕಂಪ್ಯೂಟರ್ ತರಲು ಟೆಂಪೊ ಜೊತೆ ನನ್ನನ್ನೇ ಕಳಿಸಿದರು. ಟೀಚರು ಜಗಳ ಮಾಡಲಿಲ್ಲ. "ಎರಡು ದಿನ ಬಿಡ್ರಿ ಸರ್," ಅಂದರು. "ಸ್ಟುಡಿಯೋದವ್ರು ಗುರುವಾರ ಬರ್ತಾರ. ಚಿತ್ರ ಅಷ್ಟು ತಕ್ಕೊಂಡು ಕಳಸ್ತೀನಿ."

ಟೆಂಪೊದವನು ಹಾರ್ನ್ ಒತ್ತುತ್ತಿದ್ದ. ಬಿಸಿಲು ಬೇರೆ. "ಎಲ್ಲಿಗೆ ಹೋಗ್ತಾವ್ರೀ ಚಿತ್ರ?" ಅಂದೆ. "ಒಳಗ ಇರ್ತಾವಲ್ಲ. ಬೇಕಾದಾಗ ಅಲ್ಲೇ ಬಂದು ನೋಡ್ರಿ."

ಆ ಮಾತು ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಆಯುಧ ಪೂಜೆಯ ಮರುವಾರ ಪೇಟೆಯ ಶಾಲೆಗೆ ಹೋದೆ. ಎರಡು ಕಂಪ್ಯೂಟರ್ ಅಕ್ಕಪಕ್ಕ, ಎರಡಕ್ಕೂ ಕಸೂತಿ, ಎರಡಕ್ಕೂ ವಿಭೂತಿ. ಹಳ್ಳಿಯಿಂದ ತಂದದ್ದು ಯಾವುದು ಎಂದು ಗುರುತೇ ಸಿಗಲಿಲ್ಲ. ಹೆಡ್‌ಮಾಸ್ತರು ಎದೆಯುಬ್ಬಿಸಿ ನಿಂತಿದ್ದರು.

"ಹೊಸ ಮದುಮಗನಂಗ ಆಗೇತಿ ನೋಡ್ರಿ! ಹಬ್ಬಕ್ಕ ಲಾರಿ ತೊಳಿಯೋ ಕಡೆ ಆಟೋದಾಗ ಒಯ್ದಿದ್ವಿ. ಮುಚ್ಚಳ ತಗದು ಪೈಪ್ ಹಿಡಿದ್ರ ಒಳಗಿಂದ ಬುಟ್ಟಿ ಕೆಂಪು ಮಣ್ಣು ಬಂತ್ರಿ. ಎಂಥಾ ಹೊಲಸು ಹೆಣ್ಣುಮಗಳು! ಎರಡು ದಿನ ಬಿಸಲಿಗಿಟ್ವಿ. ಕೀಲಿ ಮ್ಯಾಲಿನ ಅಕ್ಷರ ಲಾರಿ ನಂಬರ್ ಬರಿಯೋ ಪೇಂಟರ್ ಕಡೆ ಬರಸೀನಿ."

"ಅದರ ಮ್ಯಾಲ ಒಂದು ಚೀಟಿ ಇತ್ತಲ್ರಿ?"

"ಮಕ್ಕಳು ಗೀಚಿದ್ದಾ? ಅಸಹ್ಯ ಕಾಣ್ತಿತ್ತು. ಹರಿದು ಒಗದೆ."

"ಚಾಲೂ ಆಗ್ತೈತೇನ್ರಿ?"

"ಚಾಲೂ ಯಾಕ ಮಾಡ್ಬೇಕ್ರಿ? ಮತ್ತ ಧೂಳು ಎಳಕೊಂತೈತಿ."

ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ, ಕೇಡನ್ನೂ ಬಯಸಿರಲಿಲ್ಲ. ಅಷ್ಟು ಶುದ್ಧವಾದ ಮೂರ್ಖತನವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಮತ್ತು ಅದಕ್ಕೆ ಶಾಲು ಹೊದಿಸಿದ್ದು ನಾವು. ಮರುದಿನ ಸ್ಟುಡಿಯೋದವನನ್ನು ಕರೆತಂದು ತೋರಿಸಿದೆ. ಅವನು ಬಿಚ್ಚಿ ನೋಡಿ, ಒಳಗೆಲ್ಲ ತುಕ್ಕು ಹಿಡಿದಿದೆ, ಏನೂ ಉಳಿದಿಲ್ಲ ಎಂದು ತಲೆಯಾಡಿಸಿದ.

ಸುದ್ದಿ ಹೇಳಲು ಹಳ್ಳಿಗೆ ಹೋದಾಗ ಟೀಚರು ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ.

"ನೀವು ಆ ಚಿತ್ರ ಎಲ್ಲಾ ನೋಡಿದ್ರಲ್ರಿ ಸರ್?" ಕೇಳಿದರು.

"ನೋಡೀನ್ರಿ."

"ನೀವು ಈ ಸೀಮಿಯವರೇ ಅಲ್ಲೇನ್ರಿ?"

"ಹೌದ್ರಿ. ಇಲ್ಲೇ ಹುಟ್ಟಿ ಬೆಳದೀನಿ."

"ಹಂಗಾದ್ರ ಒಳಗ ಬರ್ರಿ. ಗುಡ್ಡ ಮೊದಲು ಹೆಂಗಿತ್ತು ಅಂತ ಮಕ್ಕಳಿಗೆ ನೀವೇ ಬರದು ತೋರಸ್ರಿ."

ಸೀಮೆಸುಣ್ಣ ನನ್ನ ಕೈಗೆ ಕೊಟ್ಟು ಅವರು ಹಿಂದೆ ಹೋಗಿ ಮಕ್ಕಳ ಜೊತೆ ನೆಲದ ಮೇಲೆ ಕೂತರು. ಕಿಟಕಿಯಾಚೆ ಗುಡ್ಡದ ಜಾಗದಲ್ಲಿ ಬರೀ ಮೆಟ್ಟಿಲುಗಳಿದ್ದವು. ನಾನು ಹಲಗೆಯ ಮೇಲೆ ಒಂದು ಗೆರೆ ಎಳೆದು ಅಳಿಸಿದೆ. ಇನ್ನೊಂದು ಎಳೆದೆ, ಅದೂ ತಪ್ಪೆನಿಸಿತು. ಅದರ ತಲೆ ಚೂಪಾಗಿತ್ತೋ, ಮೊಂಡಾಗಿತ್ತೋ, ಯಾವ ಕಡೆ ಇಳಿಜಾರಿತ್ತೋ, ಒಂದೂ ನೆನಪಿಗೆ ಬರಲಿಲ್ಲ. ಹುಟ್ಟಿದಾಗಿನಿಂದ ದಿನಾ ನೋಡಿದ ಗುಡ್ಡ ಅದು. ಮಕ್ಕಳು ನೋಟ್‌ಪುಸ್ತಕ ತೆರೆದು, ಪೆನ್ಸಿಲ್ ಹಿಡಿದು, ನಾನು ಬರೆಯುವುದನ್ನು ಕಾಯುತ್ತ ಕೂತಿದ್ದರು.