ಗಂಡನ ಅಕ್ಕನಿಗೆ ಹೇಳದೆ ಬಿಟ್ಟ ಎರಡು ಮಾತು

ನನ್ನ ಗಂಡನ ಅಕ್ಕನ ಮನೆ ಹಾವೇರಿಯಲ್ಲಿ. ಅವರು ಅರ್ಧ ಗೋಡೆ ತುಂಬುವಂಥ ಟಿ.ವಿ. ತಂದ ಮೇಲೆ, ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಎಲ್ಲರೂ ಅಲ್ಲಿ ಸೇರಿ ಸಿನಿಮಾ ನೋಡುವುದು ರೂಢಿಯಾಯಿತು. ಸಿನಿಮಾ ಯಾವುದಾದರೂ ಇರಲಿ, ತಿನ್ನಲು ಮಂಡಕ್ಕಿ-ಮಿರ್ಚಿ ಮಾತ್ರ ತಪ್ಪುತ್ತಿರಲಿಲ್ಲ.

ಅದೇ ವರ್ಷ ಡಾಕ್ಟರು ನನ್ನ ಗಂಡನ ರಕ್ತ ಪರೀಕ್ಷೆ ನೋಡಿ, ಕರಿದದ್ದು ಪೂರ್ತಿ ಬಿಡಬೇಕು ಎಂದಿದ್ದರು. ನಾನು ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಹೂಕೋಸು, ಗಜ್ಜರಿ, ಗೆಣಸು ಹೆಚ್ಚಿ, ಎರಡು ಚಮಚ ಎಣ್ಣೆ, ಬ್ಯಾಡಗಿಯ ತವರಿನಿಂದ ತಂದ ಖಾರದಪುಡಿ ಹಚ್ಚಿ, ಓವನ್‌ನಲ್ಲಿ ಹುರಿದು ಡಬ್ಬಿ ತುಂಬಿಕೊಂಡು ಹೋದೆ.

ಅಕ್ಕ ಒಂದು ತುಂಡು ಬಾಯಿಗೆ ಹಾಕಿಕೊಂಡು ಎಲ್ಲರ ಎದುರಿಗೇ ಅಂದರು: "ನಮ್ಮ ತಮ್ಮ ಏನ್ ಎಮ್ಮಿ ಆಗ್ಯಾನೇನ? ಇಂಥಾ ಮೇವು ಹಾಕಾಕತ್ತೀಯಲ್ಲ ಅವಗ."

ಮನೆಯೆಲ್ಲ ನಕ್ಕಿತು. ನನ್ನ ಗಂಡನೂ ನಕ್ಕು, ಮಿರ್ಚಿಯ ತಟ್ಟೆಗೆ ಕೈ ಚಾಚಿದರು. ಹೊರಡುವಾಗ ಅಕ್ಕ ನನ್ನ ಡಬ್ಬಿ ತೊಳೆದು ಕೊಟ್ಟರು. ಒಳಗಿದ್ದದ್ದು ಗೇಟಿನ ಹತ್ತಿರ ನಿಂತ ಆಕಳ ಮುಂದೆ ಬಿದ್ದಿತ್ತು. ಆಕಳೂ ಮೂಸಿ ಬಿಟ್ಟಿತ್ತು.

ಅಂದಿನಿಂದ ಹಟ ಹಿಡಿದೆ. ನಿಜ ಹೇಳಬೇಕೆಂದರೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನನ್ನ ತರಕಾರಿ ಮೆತ್ತಗಾಗಿತ್ತು. ಎರಡು ತಿಂಗಳು ದಿನ ಬಿಟ್ಟು ದಿನ ಮಾಡಿದೆ. ತೊಳೆದ ತರಕಾರಿಯನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು. ಟ್ರೇಯಲ್ಲಿ ಒಂದಕ್ಕೊಂದು ತಾಗದಂತೆ ಬಿಡಿಬಿಡಿಯಾಗಿ ಹರಡಬೇಕು. ಗುಟ್ಟು ಇಷ್ಟೇ. ಅಂಚು ಕೆಂಪಗಾಗಿ ಗರಿಗರಿಯಾಗುತ್ತದೆ, ಒಳಗೆ ಸಿಹಿ ಉಳಿಯುತ್ತದೆ.

ಆಮೇಲೆ ಎಲ್ಲರನ್ನೂ ನಮ್ಮ ಮನೆಗೇ ಸಿನಿಮಾಕ್ಕೆ ಕರೆದೆ. ಬಿಸಿ ಟ್ರೇ ಹಿಡಿದು ಒಬ್ಬೊಬ್ಬರ ಮುಂದೆಯೂ ಹೋದೆ, ಅಕ್ಕನ ಮುಂದೆ ಮಾತ್ರ ನಿಲ್ಲಲಿಲ್ಲ. ಸಿನಿಮಾದ ಮೊದಲ ಹಾಡು ಮುಗಿಯುವುದರೊಳಗೆ ಟ್ರೇ ಖಾಲಿ. ಅವರು ಕೈ ಚಾಚಿದಾಗ, ಅಂಗಡಿಯಿಂದ ತರಿಸಿಟ್ಟಿದ್ದ ತಣ್ಣನೆಯ ಮಿರ್ಚಿಗಳ ತಟ್ಟೆಯನ್ನು ಅವರ ಮುಂದಿಟ್ಟೆ. "ನಿಮಗ ಇದು ಸೇರಂಗಿಲ್ಲಂತ ಬ್ಯಾರೆ ತರಿಸೇನ್ರಿ ಅಕ್ಕಾರ" ಎಂದೆ. ಅವರು ಒಂದೇ ಒಂದು ಮಿರ್ಚಿಯನ್ನು ಬಹಳ ಹೊತ್ತು ಹಿಡಿದುಕೊಂಡು ಕೂತಿದ್ದರು. ನನಗೆ ಆ ದಿನ ಊಟವೇ ಬೇಡವೆನ್ನುವಷ್ಟು ಹೊಟ್ಟೆ ತುಂಬಿತ್ತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹದಿನೈದು ದಿನಕ್ಕೆ ಅವರೇ ಫೋನ್ ಮಾಡಿದರು. ಮಗಳ ಮದುವೆ ನಿಶ್ಚಯವಾಗಿತ್ತು, ಭಾನುವಾರ ಬೀಗರು ಬರುವವರಿದ್ದರು, ಬೀಗರಿಗೆ ಸಕ್ಕರೆ ಕಾಯಿಲೆ. ಆ ಹುರಿದ ತರಕಾರಿ ಹೇಗೆ ಮಾಡುವುದೆಂದು ಕೇಳಿದರು. ದನಿ ಮೆತ್ತಗಿತ್ತು. ಆ ಮೆತ್ತಗಿನ ದನಿಯೇ ನನ್ನನ್ನು ಇನ್ನಷ್ಟು ಕೆರಳಿಸಿತು. ಎಣ್ಣೆ, ಉಪ್ಪು, ಖಾರ ಎಲ್ಲ ಅಳತೆ ಸಮೇತ ಹೇಳಿದೆ. ಒರೆಸುವುದು, ಬಿಡಿಯಾಗಿ ಹರಡುವುದು, ಈ ಎರಡು ಮಾತು ಹೇಳಲಿಲ್ಲ. ಅವರು ಬರೆದುಕೊಳ್ಳುವುದು ನನಗೆ ಕೇಳಿಸುತ್ತಿತ್ತು.

ಭಾನುವಾರ ನಾವೂ ಹೋದೆವು. ಸಿನಿಮಾ ಶುರುವಾಯಿತು, ತಟ್ಟೆಗಳು ಬಂದವು. ತರಕಾರಿ ನೀರು ಬಿಟ್ಟುಕೊಂಡು ಪಲ್ಯದಂತೆ ಮುದ್ದೆಯಾಗಿತ್ತು. ಬೀಗರು ಎರಡು ತುಂಡು ನುಂಗಿ ತಟ್ಟೆಯನ್ನು ಕುರ್ಚಿಯ ಕೆಳಗೆ ಸರಿಸಿದರು. ಬೀಗತಿ, ಇದನ್ನು ಯಾರು ಮಾಡಿದ್ದೆಂದು ಕೇಳಿದರು. ಅಕ್ಕ ಬಾಯಿ ತೆರೆಯುವ ಮೊದಲೇ ಅವರ ಮಗಳು ತಾನೇ ಮಾಡಿದ್ದೆಂದಳು. ಅವ್ವನ ಮರ್ಯಾದೆ ಉಳಿಸಲು ಹಾಗೆ ಹೇಳಿ, ತಲೆ ತಗ್ಗಿಸಿ ಕೂತಳು.

ನಾನು ಕಾದಿದ್ದು ಆ ಗಳಿಗೆಗೇ. ಆದರೆ ತಲೆ ತಗ್ಗಿಸಿದವರು ಬೇರೆಯವರಾಗಿದ್ದರು.

ಅಡುಗೆಮನೆಗೆ ಹೋದಾಗ ಅಕ್ಕ ಉಳಿದ ತರಕಾರಿಯನ್ನು ಕಾದ ಹಂಚಿನ ಮೇಲೆ ಸುರಿದು ನೀರು ಆರಿಸುತ್ತಿದ್ದರು. ತಿರುಗದೆಯೇ ಕೇಳಿದರು: "ನೀ ಏನರ ಒಂದು ಬಿಟ್ಟು ಹೇಳೀದಿ, ಹೌದಿಲ್ಲೋ?"

"ಹೌದ್ರಿ" ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಅವರು ಬಯ್ಯಲಿಲ್ಲ. ಉರಿ ಸಣ್ಣ ಮಾಡಿ, ಹೊರಗೆ ಹೋಗಿ ಕೂಡಲು ಹೇಳಿದರು. ಮುಂದೆ ನಾಲ್ಕು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಗಂಡ ಕಾರಣ ಕೇಳಿ ಸಿಟ್ಟಾದಾಗ, ಅಂದು ನೀವೂ ನಕ್ಕಿರಿ ಎಂದೆ. ಅಕ್ಕನ ವಿಷಯದಲ್ಲಿ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆ ಹುಡುಗಿಯ ಮುಖ ಮಾತ್ರ ಕಾಡುತ್ತಿತ್ತು.

ಮದುವೆಗೆ ವಾರವಿದ್ದಾಗ ಅವಳಿಗೆ ಫೋನ್ ಮಾಡಿ, ಬಿಟ್ಟ ಎರಡೂ ಮಾತು ಹೇಳಿಬಿಟ್ಟೆ. ಅವಳು, "ಅವ್ವಗ ಹೇಳಲೇನ್ರಿ ಅತ್ತಿ?" ಎಂದಳು.

"ಬ್ಯಾಡ" ಎಂದೆ. "ನಿನ್ನ ಅತ್ತಿಮನ್ಯಾಗ ಮಾಡು."